ಒಂದು ತಾಸಿನ ಶೋ ಒಂದೇ ಸಲ ಶೂಟ್ ಮಾಡಿದ್ದಾ?

ಟಿವಿಯಲ್ಲಿ ಒಬ್ಬರೇ ನಿಂತು ಒಂದು ತಾಸು ನಗಿಸುವ ಶೋ ಒಂದೇ ಸಲ ಶೂಟ್ ಮಾಡಿದ್ದಾ ಅಂತ ಕೇಳಿದ್ದೀರಿ. ಹೆಚ್ಚಾಗಿ ಅಲ್ಲ. ಅದೇ ಶೋ ಎರಡು ಸಲ ರೆಕಾರ್ಡ್ ಮಾಡಿ, ಚೆನ್ನಾಗಿ ಬಂದ ಭಾಗಗಳನ್ನು ಜೋಡಿಸುತ್ತಾರೆ. ಅದಕ್ಕೇ ಎರಡರಲ್ಲೂ ಅದೇ ಅಂಗಿ. ಪಕ್ಕದ ಸ್ಟೂಲ್ ಮೇಲಿನ ನೀರಿನ ಬಾಟಲಿ ಗಮನಿಸಿ, ಕೆಲವೊಮ್ಮೆ ಅರ್ಧ ಖಾಲಿಯಾದದ್ದು ಮತ್ತೆ ತುಂಬಿರುತ್ತದೆ! ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒ 1975ರಲ್ಲಿ ಹಾಸ್ಯಗಾರ ರಾಬರ್ಟ್ ಕ್ಲೈನ್ ಅವರ ಶೋ ಮೂಲಕ ಇಂಥವನ್ನು ಶುರು ಮಾಡಿತು.

ಆದರೆ ಮಾತು ಪಳಗುವುದು ಸಣ್ಣ ವೇದಿಕೆಗಳಲ್ಲೇ. ನಮ್ಮ ಬಾಗಲಕೋಟೆ ಕಡೆ ಜಾತ್ರೆಯ ಹಾಸ್ಯ ಸಂಜೆಗೆ ಸುಮ್ನೆ ಒಮ್ಮೆ ಬನ್ನಿ. ಮುಂದಿನ ಸಾಲಿನ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರೆ, ಮಾತಾಡುವವರು ಮುಂದಿನ ಮಾತನ್ನು ಎರಡು ಕ್ಷಣ ತಡೆಯುತ್ತಾರೆ. ಆ ತಡೆ ಎಡಿಟಿಂಗ್‌ನಲ್ಲಿ ಹುಟ್ಟುವುದಿಲ್ಲ. ಗಂಗಾವತಿ ಪ್ರಾಣೇಶ್ ಅವರ ರೆಕಾರ್ಡಿಂಗ್ ನೋಡಿ, ನಿಮಗೇ ಗೊತ್ತಾಗುತ್ತದೆ.