ಹುಂಡಿ ಪಕ್ಕ ಸ್ವೈಪ್ ಮಷಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಟ್ರಸ್ಟ್ ನಡೆಸುವ ಚಿಕ್ಕ ದೇವಸ್ಥಾನ. ಕಾಣಿಕೆಗೆ ಕಾರ್ಡ್ ಮಷಿನ್ ಇಟ್ಟರೆ ಕಮಿಷನ್ ಎಷ್ಟು ಹೋಗುತ್ತದೆ? ಅದನ್ನು ಭಕ್ತರಿಂದಲೇ ತೆಗೆದುಕೊಳ್ಳಬಹುದೇ?
– ಟ್ರಸ್ಟಿಯೊಬ್ಬರು, ಮಲ್ಲೇಶ್ವರ

ಉತ್ತರ: ಯಾವ ಕಾರ್ಡ್ ಎಂಬುದರ ಮೇಲಿದೆ. ರುಪೇ ಡೆಬಿಟ್ ಕಾರ್ಡಿಗೂ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೂ 2020ರ ಜನವರಿಯಿಂದ ಕಮಿಷನ್ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಶೇ. 0.40, ಒಂದು ಪಾವತಿಗೆ ಹೆಚ್ಚೆಂದರೆ 200 ರೂ.; ಅದನ್ನು ದಾಟಿದರೆ ಶೇ. 0.90, ಹೆಚ್ಚೆಂದರೆ 1,000 ರೂ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ. ಸಾಮಾನ್ಯವಾಗಿ ಶೇ. 2ರ ಆಸುಪಾಸು ಕೇಳುತ್ತಾರೆ, ಚೌಕಾಸಿ ಮಾಡಿ. ಡೆಬಿಟ್ ಕಾರ್ಡಿನ ಕಮಿಷನ್ ಅನ್ನು ಭಕ್ತರ ಮೇಲೆ ಹಾಕುವಂತಿಲ್ಲ.

ಎಡವುವುದು ಲೆಕ್ಕ ಬರೆಯುವಾಗ. ಭಕ್ತರೊಬ್ಬರು ಕ್ರೆಡಿಟ್ ಕಾರ್ಡಿನಲ್ಲಿ 10,000 ರೂ. ಕೊಟ್ಟರು ಅನ್ನಿ. ಶೇ. 2ರಂತೆ 200, ಅದರ ಮೇಲೆ ಶೇ. 18 ಜಿಎಸ್‌ಟಿ 36 ಕಳೆದು ಖಾತೆಗೆ ಬೀಳುವುದು 9,764. ರಸೀದಿ ಮಾತ್ರ 10,000ಕ್ಕೇ ಕೊಡಬೇಕು. ಪುಸ್ತಕದಲ್ಲೂ 10,000 ಕಾಣಿಕೆ, 236 ಬ್ಯಾಂಕ್ ಖರ್ಚು ಎಂದು ಬರೆಯಿರಿ. ಕೈಗೆ ಬಂದದ್ದನ್ನಷ್ಟೇ ಬರೆದರೆ ಆಡಿಟ್ ಹೊತ್ತಿಗೆ ರಸೀದಿ ಪುಸ್ತಕವೂ ಪಾಸ್‌ಬುಕ್ಕೂ ತಾಳೆಯಾಗುವುದಿಲ್ಲ.

ಮಷಿನ್ ಟ್ರಸ್ಟಿನ ಹೆಸರಿನ ಖಾತೆಗೇ ಜೋಡಣೆಯಾಗಬೇಕು. ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್, ಸಹಿದಾರರನ್ನು ನೇಮಿಸಿದ ಸಭೆಯ ನಿರ್ಣಯ ಕೇಳುತ್ತಾರೆ. ಇಷ್ಟೆಲ್ಲ ಯಾಕೆಂದು ಖಜಾಂಚಿಯ ಸ್ವಂತ ಖಾತೆಯ ಕ್ಯುಆರ್ ಅಂಟಿಸುವವರಿದ್ದಾರೆ. ಆ ಹಣ ಅವರ ಆದಾಯವಾಗಿ ಕಾಣುತ್ತದೆ, ಜಗಳಕ್ಕೂ ದಾರಿ.

ಇನ್ನೊಂದು ಮಾತು. ತಟ್ಟೆಗೆ ಬೀಳುವುದು ಹತ್ತು, ಇಪ್ಪತ್ತರ ನೋಟುಗಳೇ ಆದರೆ ತಿಂಗಳ ಬಾಡಿಗೆ ತೆತ್ತು ಮಷಿನ್ ಇಡುವುದು ದಂಡ. ಕ್ಯುಆರ್, ಸೌಂಡ್‌ಬಾಕ್ಸ್ ಸಾಕು. ಸಾವಿರಗಟ್ಟಲೆ ಅಭಿಷೇಕ, ಅನ್ನದಾನ ಬರೆಸುವ ಸೇವಾ ಕೌಂಟರ್ ಇದ್ದರೆ ಮಾತ್ರ ಮಷಿನ್ ಗಿಟ್ಟುತ್ತದೆ.

ಪ್ರಶ್ನೆ: ಶಿವರಾತ್ರಿ, ವೈಕುಂಠ ಏಕಾದಶಿಯಂದು ಮಷಿನ್ ಸುತ್ತುತ್ತಲೇ ಇರುತ್ತದೆ. ಭಕ್ತರ ಫೋನಿಗೆ ಹಣ ಕಟ್ ಆದ ಮೆಸೇಜ್ ಬರುತ್ತದೆ, ನಮ್ಮಲ್ಲಿ ಸ್ಲಿಪ್ ಬರುವುದಿಲ್ಲ.
– ಸೇವಾ ಕೌಂಟರ್ ಸಿಬ್ಬಂದಿ, ಬಸವನಗುಡಿ

ಉತ್ತರ: ಸಾವಿರಾರು ಫೋನ್ ಒಂದೇ ಟವರಿಗೆ ಬಿದ್ದಾಗ ಮಷಿನ್‌ನ ಸಿಮ್‌ಗೆ ಜಾಗ ಸಿಗುವುದಿಲ್ಲ, ದಪ್ಪ ಕಲ್ಲಿನ ಗೋಡೆಯೂ ಸಿಗ್ನಲ್ ತಡೆಯುತ್ತದೆ. ಕೌಂಟರನ್ನು ಹೊರ ಪ್ರಾಕಾರಕ್ಕೆ ತನ್ನಿ, ಆಫೀಸಿನ ಬ್ರಾಡ್‌ಬ್ಯಾಂಡ್ ವೈಫೈಗೆ ಮಷಿನ್ ಜೋಡಿಸಿ. ವೈಫೈ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಕೊಟ್ಟರೆ ಅದೂ ಕಟ್ಟಿಕೊಳ್ಳುತ್ತದೆ.

ಸ್ಲಿಪ್ ಬಾರದಿದ್ದರೆ ತಕ್ಷಣ ಮತ್ತೆ ಉಜ್ಜಬೇಡಿ. ಮೆನುವಿನಲ್ಲಿ ಕೊನೆಯ ವಹಿವಾಟಿನ ಸ್ಥಿತಿ ನೋಡಿ. ಹಣ ನಿಮಗೆ ಬಂದಿಲ್ಲವಾದರೆ 5 ದಿನದೊಳಗೆ ಭಕ್ತರ ಖಾತೆಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮ 2019ರಿಂದ ಇದೆ. 5,000 ರೂ.ವರೆಗೆ ಪಿನ್ ಇಲ್ಲದೆ ಕಾರ್ಡ್ ತಾಗಿಸಿದರೆ ಸಾಕು, ಸಾಲು ಬೇಗ ಕರಗುತ್ತದೆ.

ಪ್ರಸಾದ ಹಂಚುವ ಕೈ ಮಷಿನ್ ಮುಟ್ಟಕೂಡದು. ತುಪ್ಪ, ಕುಂಕುಮ ಚಿಪ್ ತೂರಿಸುವ ಸಂದಿಗೆ ಸೇರಿದರೆ ಕಾರ್ಡ್ ಓದುವುದೇ ಇಲ್ಲ. ಸ್ಲಿಪ್ ಖಾಲಿಯಾಗಿ ಬಂದರೆ ಪೇಪರ್ ರೋಲ್ ತಿರುಗಿಸಿ ಹಾಕಿ, ಅದರ ಒಂದೇ ಮುಖದಲ್ಲಿ ಅಕ್ಷರ ಮೂಡುತ್ತದೆ. ಆ ಅಕ್ಷರ ಕೆಲವು ತಿಂಗಳಲ್ಲಿ ಮಾಸುವುದರಿಂದ ದೊಡ್ಡ ಮೊತ್ತಕ್ಕೆ ರಸೀದಿ ಪುಸ್ತಕದಲ್ಲೂ ಬರೆದು ಕೊಡಿ.

ಪ್ರಶ್ನೆ: ನಮ್ಮ ಕ್ಯುಆರ್ ಮೇಲೆ ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದರೆ?
– ಓದುಗರು, ಜಯನಗರ

ಉತ್ತರ: ಸೌಂಡ್‌ಬಾಕ್ಸ್ ಮೂಕವಾಗುತ್ತದೆ, ಅದೇ ಮೊದಲ ಸುಳಿವು. ಕ್ಯುಆರ್ ಅನ್ನು ಗಾಜಿನೊಳಗಿಡಿ. ಬಾಗಿಲು ತೆರೆದ ಕೂಡಲೇ ಒಂದು ರೂಪಾಯಿ ಕಳಿಸಿ, ಯಾರ ಹೆಸರು ಬರುತ್ತದೆ ನೋಡಿ.

ಪ್ರಶ್ನೆ: ಕ್ರಿಸ್‌ಮಸ್‌ಗೆ ವಿದೇಶದಿಂದ ಬರುವವರು ನಮ್ಮ ಚರ್ಚಿನ ಮಷಿನ್‌ನಲ್ಲಿ ಅಲ್ಲಿನ ಕಾರ್ಡ್ ಬಳಸಬಹುದೇ?
– ಖಜಾಂಚಿ, ಫ್ರೇಜರ್ ಟೌನ್

ಉತ್ತರ: ಕಾರ್ಡ್ ಎಲ್ಲಿಯದು ಎಂಬುದಕ್ಕಿಂತ ಕೊಡುವವರ ಪೌರತ್ವ ಮುಖ್ಯ. ಭಾರತದ ಪೌರರಾಗಿಯೇ ಉಳಿದ ಅನಿವಾಸಿಗಳು ಸ್ವಂತ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದ್ದರೂ, ಕೊಟ್ಟರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಪಡೆಯುವಂತಿಲ್ಲ. ನೋಂದಣಿ ಇದ್ದರೂ ಅದು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ನಿಮ್ಮ ಮಷಿನ್‌ನ ಖಾತೆಗಲ್ಲ. ಮಷಿನ್‌ನಲ್ಲಿ ವಿದೇಶಿ ಕಾರ್ಡ್ ನಡೆಯದಂತೆ ನಿಲ್ಲಿಸಿ ಎಂದು ಬ್ಯಾಂಕಿಗೆ ಬರೆದು ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.