ಲಕ್ಕುಂಡಿಯ ಟಂಕಸಾಲೆ ಎಲ್ಲಿ ಹೋಯ್ತು?

ಹಾವೇರಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಲಕ್ಕುಂಡಿಗೆ ಹೋಗಿ ಬಂದಿದ್ದೀರಿ. ಕಾಶಿ ವಿಶ್ವೇಶ್ವರ ಗುಡಿ, ಬಸದಿ, ಮುಸುಕಿನ ಬಾವಿ ಎಲ್ಲ ನೋಡಿದ್ದೀರಿ. ಆದರೆ "ಇಲ್ಲಿ ಚಾಲುಕ್ಯರ ಟಂಕಸಾಲೆ ಇತ್ತು" ಎಂದವರು ಯಾರೂ ಅದರ ಒಂದು ಕಲ್ಲನ್ನೂ ತೋರಿಸಲಿಲ್ಲ, ಇದು ಊರಿನವರು ಸುಮ್ನೆ ಹೇಳಿಕೊಳ್ಳುವ ಮಾತಾ ಅಂತ ಕೇಳಿದ್ದೀರಿ. ಮೊಬೈಲಿಗೆ ಬಂದ ಒಂದು ನಾಣ್ಯದ ಫೋಟೋನೂ ಕಳಿಸಿದ್ದೀರಿ, ಹಿಂಬದಿ ಬೋಳಾಗಿದೆ, ನಕಲಿ ಇರಬೇಕು ಅಂದಿದ್ದೀರಿ.

ಸುಮ್ನೆ ಮಾತಲ್ಲ. ಆದರೆ ಸಾಕ್ಷಿಯನ್ನು ನೀವು ಕಟ್ಟಡದಲ್ಲಿ ಹುಡುಕಿದ್ದೀರಿ. ಅದು ಇರುವುದು ಶಾಸನಗಳಲ್ಲಿ.

ಆ ಕಾಲದ ದಾನಶಾಸನಗಳಲ್ಲಿ ಹಣದ ಲೆಕ್ಕ ಬಂದಾಗ ಬರೀ ಗದ್ಯಾಣ (ಆಗಿನ ಚಿನ್ನದ ನಾಣ್ಯ) ಅಂತ ಬರೆದು ಬಿಡುತ್ತಿರಲಿಲ್ಲ, ಎಷ್ಟೋ ಕಡೆ "ಲೊಕ್ಕಿ ಗದ್ಯಾಣ" ಅಂತಲೇ ಕೆತ್ತಿದ್ದಾರೆ. ಲೊಕ್ಕಿಗುಂಡಿ ಅಂದರೆ ಇದೇ ಲಕ್ಕುಂಡಿ. ಯಾಕೆ ಊರಿನ ಹೆಸರು ಬೇಕಾಯಿತು? ಗುಡಿಯ ದೀಪಕ್ಕೆ ಒಬ್ಬ ಹೊನ್ನು ಇಟ್ಟ ಅಂದುಕೊಳ್ಳಿ. ಅದರ ಬಡ್ಡಿಯಲ್ಲಿ ಸೂರ್ಯ ಚಂದ್ರ ಇರುವವರೆಗೂ ಎಣ್ಣೆ ನಡೆಯಬೇಕು. ನಾಳೆ ಯಾರೋ ತೂಕ ಕಡಿಮೆಯ, ಬೆರಕೆ ಚಿನ್ನದ ಗದ್ಯಾಣ ತಂದು "ತಗೊಳ್ಳಿ, ಲೆಕ್ಕ ಚುಕ್ತಾ" ಅಂದರೆ ದೀಪ ಆರಿಹೋಗುತ್ತದೆ ಅಲ್ವಾ? ಅದಕ್ಕೇ ಯಾವ ಊರಿನ ಹೊನ್ನು ಅಂತ ಕಲ್ಲಿನ ಮೇಲೆ ಬರೆಸಿಕೊಂಡರು. ಹತ್ತು ಪಣಕ್ಕೆ ಒಂದು ಗದ್ಯಾಣ, ಪಣದ ಕಾಲುಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಇಷ್ಟು ಸಣ್ಣದನ್ನೂ ಲೆಕ್ಕ ಹಾಕುತ್ತಿದ್ದ ಜನ ಮೂಲ ನಾಣ್ಯದ ವಿಷಯದಲ್ಲಿ ಉದಾರವಾಗಿರುತ್ತಾರಾ!

ಕಲ್ಯಾಣ ಚಾಲುಕ್ಯರಿಗೆ ಲಕ್ಕುಂಡಿ ಒಂದೇ ಅಲ್ಲ, ಇದೇ ಗದಗ ಜಿಲ್ಲೆಯ ಸೂಡಿಯಲ್ಲೂ ಕಮ್ಮಟ, ಅಂದರೆ ಟಂಕಸಾಲೆ, ಇತ್ತು. ಲಕ್ಕುಂಡಿ ಆಗಲೇ ಹಣ ಓಡಾಡುವ ಊರು. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಇಲ್ಲೇ. ಮುಂದೆ ಹೊಯ್ಸಳ ಇಮ್ಮಡಿ ಬಲ್ಲಾಳ ದೇವಗಿರಿಯ ಸೇವುಣರ ದೊರೆ ಭಿಲ್ಲಮನನ್ನು ಸೊರಟೂರಿನಲ್ಲಿ ಸೋಲಿಸಿದ ಮೇಲೆ ಬೀಡು ಬಿಟ್ಟಿದ್ದೂ ಇದೇ ಊರಿನಲ್ಲಿ, 1192ರ ಗದಗದ ಶಾಸನ ಅದನ್ನು ಹೇಳುತ್ತದೆ.

ಇನ್ನು ಕಟ್ಟಡ. ಟಂಕಸಾಲೆ ಅಂದರೆ ನಮ್ಮ ತಲೆಯಲ್ಲಿ ದೊಡ್ಡ ಕಾರ್ಖಾನೆ ಬರುತ್ತದೆ. ಆಗಿನ ಕೆಲಸಕ್ಕೆ ಬೇಕಾಗಿದ್ದು ಕುಲುಮೆ, ತಿದಿ, ಮೂಸೆ, ತಕ್ಕಡಿ, ಒರೆಗಲ್ಲು, ಸುತ್ತಿಗೆ, ಒಂದಷ್ಟು ಅಚ್ಚು. ನುರಿತ ಅಕ್ಕಸಾಲಿಗರಿಗೆ ಒಂದು ಮಾಡು ಸಾಕು. ಬಳಪದ ಕಲ್ಲು, ಕುಸುರಿ ಕೆತ್ತನೆ ಎಲ್ಲ ದೇವರ ಮನೆಗೆ, ಕಮ್ಮಟಕ್ಕೆ ಯಾರು ಹಾಕುತ್ತಾರೆ?

ಈಗ ನಿಮ್ಮ ಫೋಟೋ. ಹಿಂಬದಿ ಬೋಳು ಅನ್ನುವುದೊಂದೇ ಕಾರಣಕ್ಕೆ ನಕಲಿ ಅನ್ನಬೇಡಿ. ಚಾಲುಕ್ಯರ ಚಿನ್ನದ ನಾಣ್ಯ ಇರುವುದೇ ಹಾಗೆ. ತೆಳ್ಳಗಿನ ಅಗಲ ಬಿಲ್ಲೆ, ಒಂದೇ ಮುಖಕ್ಕೆ ಬೇರೆ ಬೇರೆ ಅಚ್ಚಿನಿಂದ ಒಂದೊಂದೇ ಏಟು. ಅದೇ ಮುಖದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡದ "ಶ್ರೀ", ಮಗ್ಗುಲಲ್ಲಿ ಭರ್ಜಿಯ ತುದಿ, ಕೆಲವದರಲ್ಲಿ ತಾವರೆ, ಜೊತೆಗೆ ದೊರೆಯ ಬಿರುದು. ಒಂದನೇ ಸೋಮೇಶ್ವರನದಾದರೆ "ತ್ರೈಲೋಕ್ಯಮಲ್ಲ" ಅನ್ನುವ ಬಿರುದಿನ ಅಕ್ಷರ ಸಿಗುತ್ತದೆ. ಏಟು ಬಿದ್ದು ಬಿದ್ದು ಬಿಲ್ಲೆ ಒಳಕ್ಕೆ ತಗ್ಗಿ ಬಟ್ಟಲಿನಂತಾಗುತ್ತದೆ, ಒಂದು ಮುದ್ರೆ ಇನ್ನೊಂದರ ಮೇಲೆ ಅರ್ಧ ಹತ್ತಿ ಕೂತಿರುತ್ತದೆ. ನನಗೆ ಈ ಅಡ್ಡಾದಿಡ್ಡಿಯೇ ಜಾಸ್ತಿ ಇಷ್ಟ, ಕೈಯ ಕೆಲಸ ಅನ್ನುವುದು ಅಲ್ಲೇ ಕಾಣುತ್ತದೆ.

ನೀವು ಕಳಿಸಿದ ಚಿತ್ರದಲ್ಲಿ ನನಗೆ ಅನುಮಾನ ಬಂದಿದ್ದು ಬೇರೆ ಕಾರಣಕ್ಕೆ. ಮುದ್ರೆಗಳೆಲ್ಲ ಒಂದೇ ಆಳ, ಒಂದರ ಮೇಲೊಂದು ಎಲ್ಲೂ ಹತ್ತಿಲ್ಲ, ಬಿಲ್ಲೆ ಚಪ್ಪಟೆಯಾಗಿದೆ. ಎಲ್ಲ ಮುದ್ರೆ ಒಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ. ಫೋಟೋ ನೋಡಿ ತೀರ್ಪು ಕೊಡಲು ಆಗುವುದಿಲ್ಲ, ಆದರೆ ಯಾರಾದರೂ ಅದನ್ನು ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ.

– ಸಂ.