ಸುಲಭ ಮಾಡಬೇಡಿ, ಮೊದಲು ಕಲಿಸಿ

ನೀವು ಮಾಡಿದ ಮೊದಲ ಮಾರಿಯೋ ವಿಡಿಯೋ ಗೇಮ್ ಲೆವೆಲನ್ನು (ಆಟದ ಒಂದು ಹಂತ) ಪುಣೆಯ ರೂಮ್‌ಮೇಟ್‌ಗಳು ಎರಡೇ ನಿಮಿಷಕ್ಕೆ ಬಿಟ್ಟೆದ್ದರು, ಇನ್ನೆಷ್ಟು ಸುಲಭ ಮಾಡಬೇಕು ಅಂತ ಕೇಳಿದ್ದೀರಿ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲನ್ನೇ ನೋಡಿ. ಕೊನೆಯ ಕಡೆ ಎದುರುಬದುರು ಎರಡು ಮೆಟ್ಟಿಲ ಸಾಲು, ನಡುವೆ ಬರೀ ನೆಲ. ಬಿದ್ದರೂ ಸಾಯುವುದಿಲ್ಲ. ಸ್ವಲ್ಪ ಮುಂದೆ ಅಂಥದ್ದೇ ಮೆಟ್ಟಿಲು, ಆದರೆ ನಡುವೆ ಗುಂಡಿ. ಅಷ್ಟರಲ್ಲಿ ಕೈಗೆ ಅಂದಾಜು ಸಿಕ್ಕಿರುತ್ತದೆ, ಅಲ್ವಾ?

ಡೊಂಬಿವಲಿಯಲ್ಲಿ ಕೂತು ನಾನು ಮಾಡಿದ ಮೊದಲ ಲೆವೆಲಲ್ಲಿ ಶುರುವಿನಲ್ಲೇ ಗುಂಡಿ, ಅದರಾಚೆ ಪರದೆಯಲ್ಲಿ ಕಾಣದ ಶತ್ರು. ಅಕ್ಕನ ಮಗ ಅಲ್ಲೇ ಹನ್ನೊಂದು ಸಲ ಸತ್ತ. "ಮಾಮಾ, ಇದು ಮೋಸ" ಅಂದ. ನನಗೆ ಸಲೀಸಾಗಿತ್ತು, ನೂರು ಸಲ ಆಡಿದ್ದೆನಲ್ಲ! ಅದಕ್ಕೇ ಬೇರೆಯವರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಬಾಯಿ ಮುಚ್ಚಿಕೊಂಡು ಕೂತಿರಿ. "ಅಲ್ಲಿ ಹಾರು" ಅಂತ ನಿಮಗೆ ಹೇಳಬೇಕು ಅನಿಸಿದ ಜಾಗವೇ ಸರಿಮಾಡಬೇಕಾದ ಜಾಗ. ಕಾಣದ ಕಡೆ ಜಿಗಿಸಬೇಕಿದ್ದರೆ ನಾಣ್ಯಗಳನ್ನು ಕಮಾನಿನಂತೆ ಜೋಡಿಸಿ. ಮುಂಬೈಯ ದಾದರ್ ಸ್ಟೇಷನ್‌ನಲ್ಲಿ ಇಳಿದ ಹೊಸಬರು ಜನ ಹೋದ ಕಡೆಯೇ ಹೋಗುವ ಹಾಗೆ, ಆಟಗಾರ ಅದರ ಹಿಂದೆ ಹೋಗುತ್ತಾನೆ.

ಅಂದಹಾಗೆ ಲೆವೆಲ್ ಚಿಕ್ಕದಿರಲಿ, ಒಂದೂವರೆ ನಿಮಿಷ ಸಾಕು. ಹಿನ್ನೆಲೆ ಚಿತ್ರ ಆಮೇಲೆ. ಬದಲಾಯಿಸಿ ಮತ್ತೆ ಹಾಕಿ, ನಾನೂ ಆಡಿ ನೋಡುತ್ತೇನೆ.